ರೋಲರ್ ಸಾವ್ಕಾರರ ಮೇಲಿನ ದೂರಿನ ನೋಟ್‌ಬುಕ್

ನಮ್ಮ ಓಣಿಯ ರೋಲರ್ ಸಾವ್ಕಾರರು ಹೋದ ತಿಂಗಳು ತೀರಿಕೊಂಡರು. ಮೂರೇ ದಿನಗಳಲ್ಲಿ ಅವರಿಗೆ ಹದಿನೇಳು ಮಂದಿ ಆಪ್ತ ಸ್ನೇಹಿತರು ಹುಟ್ಟಿಕೊಂಡರು. ಇದು ಅಂದಾಜಿನ ಮಾತಲ್ಲ, ಬರೆದಿಟ್ಟಿದ್ದೇನೆ. "ಭಾಳ ದೊಡ್ಡ ಮನಷ್ಯಾ ಇದ್ದ ಬಿಡ್ರಿ" ಎಂದವರು ಒಂಬತ್ತು. "ಅಂಥಾ ಕೈ ಇನ್ನ ಹುಟ್ಟೂದಿಲ್ಲ" ಎಂದವರು ಐದು. "ಇಂವಾ ಹೆಸರ ಮಾಡ್ತಾನಂತ ನಾ ಅವತ್ತ ಹೇಳಿದ್ನೆಲ್ಲ" ಎಂದವರು ಮೂರು. ಈ ಹದಿನೇಳು ಮಂದಿಯಲ್ಲಿ ಅವರು ಬದುಕಿದ್ದಾಗ ಶೆಡ್ಡಿನೊಳಗೆ ಕಾಲಿಟ್ಟವರು ಇಬ್ಬರು. ಒಬ್ಬರು ನೀರಿನ ಮೋಟರಿಗೆ ಒಂದು ಬೋಲ್ಟ್ ಕೇಳಲು ಹೋಗಿದ್ದರು, ಇನ್ನೊಬ್ಬರು ಮಳೆ ಬಂದಿತ್ತೆಂದು.

ಹಾಗಂತ ನಾನು ದೂರ ನಿಂತು ನಗುವ ಹಾಗಿಲ್ಲ. ಅವರ ಮೇಲೆ ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ, ದೂರಿನ ನೋಟ್‌ಬುಕ್ ಬರೆದವಳು ನಾನೇ.

ಭಾಗ್ಯನಗರದಲ್ಲಿ ನಮ್ಮ ಮನೆಗೂ ಅವರ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಈಚೆ ನಮ್ಮ ನಾಲ್ಕು ಪವರ್‌ಲೂಮ್ ಮಗ್ಗಗಳು. ಆಚೆ ಡ್ಯಾಮು, ಕಾಲುವೆ ಕಟ್ಟಿದ ಕಾಲದ ಯಂತ್ರಗಳು: ಜಲ್ಲಿ ಒಡೆಯುವ ಯಂತ್ರ, ಕೈಯಿಂದ ತಿರುಗಿಸುವ ಕ್ರೇನು, ಹೊಟ್ಟೆ ತೂತಾದ ಕಾಂಕ್ರೀಟ್ ಮಿಕ್ಸರು. ಕೆಲಸ ಮುಗಿದ ಮೇಲೆ ಇವನ್ನು ಕಾಲುವೆ ದಂಡೆಯಲ್ಲೋ, ಕನಕಗಿರಿ ಕಡೆಯ ಜಾಲಿಗಿಡಗಳ ನಡುವೆಯೋ ಬಿಟ್ಟುಹೋಗಿದ್ದರು. ಅವನ್ನು ಎಳೆದು ತಂದು, ತುಕ್ಕು ಕೆರೆದು, ಮತ್ತೆ ತಿರುಗುವಂತೆ ಮಾಡುವುದು ಅವರ ದಂಧೆ. ದಂಧೆ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಹೊಟ್ಟೆಪಾಡು ನಡೆಯುತ್ತಿದ್ದದ್ದು ಇವತ್ತಿನ ಮಿಕ್ಸರುಗಳ ರಿಪೇರಿಯಿಂದ. ಅದನ್ನು ಅವರು ಮುಖ ಕಿವುಚಿಕೊಂಡು ಬೇಗ ಬೇಗ ಮುಗಿಸಿ, ಯಾರೂ ಕೇಳದ ಯಂತ್ರಗಳ ಮುಂದೆ ತಾಸುಗಟ್ಟಲೆ ಕೂರುತ್ತಿದ್ದರು.

ಶೆಡ್ಡಿನ ಬಾಗಿಲ ಮೇಲೆ "ಹಳೇ ಯಂತ್ರಗಳನ್ನು ಹೊಸದರಂತೆ ಮಾಡಿಕೊಡಲಾಗುವುದು" ಎಂಬ ಬೋರ್ಡಿತ್ತು. ಅದರ ಕೆಳಗೆ ಯಾರೋ ಇದ್ದಿಲಿನಿಂದ "ಮುದುಕರನ್ನೂ ಮಾಡ್ತೀರೇನ್ರಿ?" ಎಂದು ಬರೆದಿದ್ದರು. ಸಾವ್ಕಾರರು ಅದನ್ನು ಅಳಿಸಲಿಲ್ಲ. ಕೆಳಗೆ ನೀಟಾಗಿ ಪೇಂಟಿನಲ್ಲಿ ಉತ್ತರ ಬರೆದರು: "ಬಿಡಿಭಾಗ ಸಿಕ್ಕರೆ."

ಗಿರಾಕಿಗಳೂ ಬರುತ್ತಿದ್ದರು, ಇಲ್ಲವೆನ್ನುವಂತಿಲ್ಲ. ಗಂಗಾವತಿ ಕಡೆ ರೆಸಾರ್ಟ್ ಇಟ್ಟುಕೊಂಡ ಒಬ್ಬರು ಕಾರಿನಲ್ಲಿ ಬಂದು ಹಳೆಯ ಮಿಕ್ಸರನ್ನು ನೋಡಿ ಬಹಳ ಖುಷಿಪಟ್ಟರು.

"ಇದರ ಬಾಯಾಗ ಗುಲಾಬಿ ಹಚ್ತೀವ್ರಿ. ಗೇಟಿನ ಮುಂದ ಮಸ್ತ್ ಕಾಣ್ತೈತಿ."

"ತಿರಗೂ ಮಿಕ್ಸರ್‌ನ್ಯಾಗ ಗುಲಾಬಿ ನಿಲ್ಲೂದಿಲ್ರಿ."

"ತಿರಗೂದ್ಯಾಕ ಬೇಕ್ರಿ ನಮಗ?"

"ಹಂಗಾದ್ರ ಮಿಕ್ಸರ್ ಯಾಕ ಬೇಕ್ರಿ? ಒಂದು ಗಡಿಗಿ ತಗೋರಿ."

ಕಾರು ವಾಪಸು ಹೋಯಿತು. ವ್ಯಾಪಾರ ಮಾಡುವ ಈ ಪದ್ಧತಿಯನ್ನು ನಾನು ಕಿಟಕಿಯಿಂದ ಒಟ್ಟು ಆರು ಸಲ ನೋಡಿದ್ದೇನೆ. ಆರೂ ಸಲ ಗಿರಾಕಿ ಸೋತಿದ್ದಾರೆ.

ಶೆಡ್ಡಿನ ಹಿಂಭಾಗದಲ್ಲಿ ಎಂಟು ಟನ್ನಿನ ಒಂದು ಡೀಸೆಲ್ ರೋಡ್ ರೋಲರ್ ನಿಂತಿತ್ತು. 'ರೋಲರ್ ಸಾವ್ಕಾರ' ಎಂಬ ಬಿರುದು ಅದರಿಂದಲೇ ಬಂದದ್ದು. ಬಿರುದು ಕೊಟ್ಟದ್ದು ಓಣಿ, ಗೌರವಕ್ಕಂತೂ ಅಲ್ಲ. ಅದನ್ನು ತಂದಾಗ ಸುತ್ತ ಬಯಲಿತ್ತಂತೆ. ಆಮೇಲೆ ಮನೆಗಳೆದ್ದು, ಓಣಿ ಎಷ್ಟು ಸಣ್ಣದಾಯಿತೆಂದರೆ ಎತ್ತುವ ಕ್ರೇನು ಒಳಗೆ ಬರುವಂತಿರಲಿಲ್ಲ. ಟ್ರ್ಯಾಕ್ಟರ್ ಕಟ್ಟಿ ಎಳೆದು ನೋಡಿದ್ದರು. ಹರಿದದ್ದು ಸರಪಳಿ.

ನಾಲ್ಕು ವರ್ಷದ ಹಿಂದೆ ಯುಗಾದಿಯ ಹೊತ್ತಿಗೆ ಶೆಡ್ಡಿನ ಜಾಗದ ಮಾಲೀಕರು ಕಾರಹುಣ್ಣಿಮೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಹೇಳಿಕಳಿಸಿದರು. ಉಳಿದ ಯಂತ್ರಗಳನ್ನು ಬಿಚ್ಚಿ ಸಾಗಿಸಬಹುದಿತ್ತು. ರೋಲರಿಗೆ ಮಾತ್ರ ಎರಡೇ ದಾರಿ: ಒಂದೋ ತನ್ನ ಎಂಜಿನ್ನಿನಿಂದ ತಾನೇ ನಡೆದು ಹೊರಬರಬೇಕು, ಇಲ್ಲವೇ ಗುಜರಿಯವರು ಗ್ಯಾಸ್ ಹಚ್ಚಿ ತುಂಡು ಮಾಡಿ ಹೊರಬೇಕು. ಗುಜರಿಯವರು ಬಂದು ಟೇಪು ಹಿಡಿದು ಅಳೆದುಕೊಂಡೂ ಹೋಗಿದ್ದರು. ಸಾವ್ಕಾರರು ಅವರಿಗೆ ಚಹಾ ಕೊಡಲಿಲ್ಲ. ಅದನ್ನೂ ನಾನು ಕಿಟಕಿಯಿಂದ ನೋಡಿದೆ.

ನನಗೆ ಕಿಟಕಿಯಲ್ಲಿ ಕೂರುವಷ್ಟು ಪುರುಸೊತ್ತು ಯಾಕಿತ್ತೆಂದರೆ, ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೆ. ಅದನ್ನು ಓದಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಯುಗಾದಿ ಕಳೆದು ವಾರಕ್ಕೆ ನನ್ನನ್ನು ನೋಡಲು ಯಲಬುರ್ಗಾದಿಂದ ಬೀಗರಾಗಬೇಕೆಂದವರು ಬಂದರು. "ಬಂದವರ ಮುಂದರ ಒಂದೀಟು ಮನಷ್ಯಾರಂಗ ಮಾತಾಡೂಣು" ಎಂದು ಅವ್ವ ಮಗ್ಗಗಳನ್ನು ಬಂದ್ ಮಾಡಿಸಿದಳು. ಅವಳ ಮಾತಿನಲ್ಲಿ ಅರ್ಥವಿತ್ತು. ಮಗ್ಗದ ಖಟಪಟದೊಳಗೆ ಬದುಕಿ ಬದುಕಿ ನಮ್ಮ ಮನೆಯಲ್ಲಿ ಪ್ರೀತಿ, ಸಿಟ್ಟು, ಸಾರಿಗೆ ಉಪ್ಪು ಕಡಿಮೆ ಎಂಬ ವರದಿ, ಎಲ್ಲವೂ ಒಂದೇ ಎತ್ತರದ ದನಿಯಲ್ಲಿ ಹೊರಡುತ್ತವೆ. ಫೋನಿನಲ್ಲಿ ನಾವು ಕ್ಷೇಮ ವಿಚಾರಿಸಿದರೆ ಎದುರು ಮನೆಯವರು ಜಗಳ ಬಿಡಿಸಲು ಬಂದದ್ದಿದೆ.

ಹುಡುಗನ ಸೋದರಮಾವ, "ಎಷ್ಟ ಓದೀಯವ್ವಾ?" ಎಂದರು. ನಾನು ಬಾಯಿ ತೆರೆದೆ. ಗೋಡೆಯಾಚೆಯಿಂದ, 'ಠಣ್.'

ಮತ್ತೆ ತೆರೆದೆ. 'ಠಣ್... ಠಣ್.'

"ಏನ್ರಿ ಇದು ಸಪ್ಪಳ?" ಎಂದು ಅವರು ಕೇಳಿದರು.

"ಬಾಜೂಕಿಂದ್ರೀ!" ಎಂದು ಅಪ್ಪ ಕೂಗಿದ. ಮಗ್ಗ ನಿಂತಿರುವುದು ಅವನಿಗೆ ಮರೆತುಹೋಗಿತ್ತು. ಸೋದರಮಾವನ ಕೈಯೊಳಗಿನ ಚಹಾ ಬಸಿಗೆ ಚೆಲ್ಲಿತು.

ನಾಲ್ಕು ದಿನದ ಮೇಲೆ ಉತ್ತರ ಬಂತು: "ಹುಡುಗಿ ಛಲೋ ಅದಾಳ, ಆದ್ರ ಮನಿ ಗದ್ದಲ ಭಾಳ." ಹುಡುಗನ ಫೋಟೊ ನೋಡಿದ್ದ ನಾನು ಅವತ್ತಿನ ದಿನಚರಿಯಲ್ಲಿ 'ಗಂಡಾಂತರ ಕಳೆಯಿತು' ಎಂದು ಬರೆದುಕೊಂಡೆ. ಅಪ್ಪ ಬೇರೆಯೇ ತೀರ್ಮಾನಕ್ಕೆ ಬಂದ. ಅವನ ಪ್ರಕಾರ ಗದ್ದಲವೆಂದರೆ ಸುತ್ತಿಗೆ. "ಹೆಂಗೂ ಹೊಂಟಾನ, ಲಗೂ ಹೋಗ್ಲಿ. ನೀ ಸಪ್ಪಳಾದಾಗೊಮ್ಮೆ ಟೈಮ್ ಹಾಕಿ ಬರದಿಡು. ಪಂಚಾಯ್ತಿಗೆ ಕೊಡೂಣು. ನೀ ಓದಿದ್ದು ಒಂದಕ್ಕರ ಬಂದೀತು."

ಹೀಗೆ ನನ್ನ ಮೊದಲ ಸರಕಾರಿ ಕೆಲಸ ಶುರುವಾಯಿತು. ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕಿ ನಾಲ್ಕು ಕಾಲಂ ಹೊಡೆದೆ: ವಾರ, ಶುರುವಾದ ಹೊತ್ತು, ಮುಗಿದ ಹೊತ್ತು, ಸಪ್ಪಳದ ಸ್ವರೂಪ. ಕೊನೆಯ ಕಾಲಮ್ಮಿನಲ್ಲಿ ಮೊದಮೊದಲು 'ಠಣ್' ಎಂದಷ್ಟೇ ಬರೆಯುತ್ತಿದ್ದೆ. ಎರಡನೇ ವಾರದಿಂದ 'ಕರ್ಕಶ', 'ಅಸಹನೀಯ', 'ಅಧ್ಯಯನಕ್ಕೆ ಭಂಗ' ಎಂದೆಲ್ಲ ಬೆಳವಣಿಗೆ ಕಂಡುಬಂತು.

ಇದಕ್ಕೂ ಮೊದಲಿನಿಂದ ನಾನು ಇನ್ನೊಂದು ಪುಸ್ತಕ ಬರೆಯುತ್ತಿದ್ದೆ. ಅದು ಮಗ್ಗದ ಪುಸ್ತಕ, ಸ್ವಿಚ್‌ಬೋರ್ಡಿನ ಪಕ್ಕದ ಮೊಳೆಗೆ ನೇತುಬಿದ್ದಿರುತ್ತಿತ್ತು. ಮಗ್ಗ ಎಷ್ಟು ಹೊತ್ತಿಗೆ ನಿಂತಿತು, ಯಾಕೆ ನಿಂತಿತು, ಮತ್ತೆ ಯಾವಾಗ ಶುರುವಾಯಿತು ಎಂಬುದೆಲ್ಲ ಅದರಲ್ಲಿ. ಬೇಸಿಗೆಯಲ್ಲಿ ಕಾರಣದ ಕಾಲಂ ತುಂಬಾ ಒಂದೇ ಮಾತು: ಕರೆಂಟ್ ಇರಲಿಲ್ಲ.

ಎರಡೂ ಪುಸ್ತಕ ನನ್ನವೇ, ಅಕ್ಷರ ನನ್ನದೇ, ಗಡಿಯಾರವೂ ಒಂದೇ. ಪರೀಕ್ಷೆಗಾಗಿ 'ಅಂಕಿ ಅಂಶಗಳ ವಿಶ್ಲೇಷಣೆ' ಎಂಬ ಅಧ್ಯಾಯವನ್ನು ಮೂರು ಸಲ ಓದಿ ಮುಗಿಸಿದ್ದೆ. ಆದರೂ ನಲವತ್ತೆಂಟು ದಿನ ನನಗೇನೂ ಹೊಳೆಯಲಿಲ್ಲ.

ಪಂಚಾಯಿತಿಯ ಸಾಹೇಬರು ವಿಚಾರಣೆಗೆ ಬಂದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಗೋಡೆಗೆ ಹತ್ತಿರವಿದ್ದರೆ ಸಪ್ಪಳ ಚೆನ್ನಾಗಿ ಕೇಳುತ್ತದೆಂದು ಅಪ್ಪ ಅವರಿಗೆ ಮಗ್ಗದ ಕೋಣೆಯಲ್ಲೇ ಕುರ್ಚಿ ಹಾಕಿಸಿದ. ಅವರು ಏನೋ ಹೇಳಿದರು. ಅಪ್ಪ, "ಏನ್ರೀ?" ಎಂದ. ಅವರು ಮತ್ತೆ ಹೇಳಿದರು. ಅಪ್ಪ ಮತ್ತೆ "ಏನ್ರೀ?" ಎಂದ. ಮೂರನೇ ಸಲ ಅವರು ಬಾಯಿಗೆ ಎರಡೂ ಕೈ ಹಿಡಿದು ಕೂಗಿದರು, "ಇದನ್ನ ಬಂದ್ ಮಾಡ್ರಿ ಅಂದ್ನೀ!"

"ಯಾವುದನ್ರೀ?"

ಅಪ್ಪ ನಾಟಕ ಮಾಡಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

ಅವ್ವ ಎದ್ದು ಸ್ವಿಚ್ ಆರಿಸಿದಳು. ನಾಲ್ಕೂ ಮಗ್ಗ ನಿಂತವು. ನಾನು ಮನಸ್ಸಿನಲ್ಲಿ ಹನ್ನೊಂದರವರೆಗೆ ಎಣಿಸಿದ್ದೆ, ಅಷ್ಟರಲ್ಲಿ ಗೋಡೆಯಾಚೆಯಿಂದ 'ಠಣ್' ಎಂದಿತು.

"ಕೇಳ್ರಿ! ಇದಾ ನೋಡ್ರಿ!" ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನನ್ನ ಡಿಗ್ರಿ ಫಲಿತಾಂಶದ ದಿನವೂ ಕಂಡಿರಲಿಲ್ಲ.

ಸಾಹೇಬರು ನನ್ನ ನೋಟ್‌ಬುಕ್ ತೆಗೆದುಕೊಂಡು, ಅಕ್ಷರ ಚಂದ ಇದೆ ಎಂದರು. ಎರಡು ಪುಟ ತಿರುವಿದರು. ಆಮೇಲೆ ತಲೆಯೆತ್ತಿ, "ಮಗ್ಗ ನಡದಾಗ ಒಂದೂ ಕೇಳಲಿಲ್ಲ, ನಿಂತ ಕೂಡ್ಲೇ ಕೇಳಿತು. ಕರೆಂಟ್ ಹೋಗೂದನ್ನೂ ಎಲ್ಲೆರ ಬರದಿಟ್ಟೀಯೇನವ್ವಾ?" ಎಂದು ಕೇಳಿದರು.

ನಾನು ಹೆಮ್ಮೆಯಿಂದ ಮೊಳೆಯ ಮೇಲಿನ ಪುಸ್ತಕ ತಂದುಕೊಟ್ಟೆ. ಅಚ್ಚುಕಟ್ಟಿನವರ ಕಷ್ಟವೇ ಇದು, ಕೇಳಿದ್ದೆಲ್ಲ ಕೈಗೆ ಸಿಗುತ್ತದೆ. ಅವರು ಎರಡನ್ನೂ ಪಕ್ಕಪಕ್ಕ ತೆರೆದಿಟ್ಟು ಪೆನ್ಸಿಲ್ಲಿನಿಂದ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹೋದರು. ಎದುರಿಗೆ ನಿಂತು ತಲೆಕೆಳಗಾಗಿ ಓದುತ್ತಿದ್ದ ನನಗೆ ಮೂರನೇ ಸಾಲಿಗೆ ಅರ್ಥವಾಯಿತು. ಸುತ್ತಿಗೆಯ ದೂರು ಒಟ್ಟು ಅರವತ್ತೊಂದು. ಅದರಲ್ಲಿ ಐವತ್ತೆಂಟು ಕರೆಂಟ್ ಹೋದ ಹೊತ್ತಿನವು. ಉಳಿದ ಮೂರರಲ್ಲಿ ಒಂದು ಬಸವ ಜಯಂತಿ, ಎರಡು ಅಮಾವಾಸ್ಯೆ. ಆ ದಿನಗಳಲ್ಲಿ ನಮ್ಮ ಮಗ್ಗಕ್ಕೆ ರಜೆ.

"ನಮ್ಮ ಮಗ್ಗ ನಿಂತಾಗಷ್ಟ ನಮಗ ಕೇಳ್ತೈತಿ, ಅದಕ್ಕ ಹಂಗ ಬಂದೈತ್ರಿ" ಎಂದೆ ನಾನು. ಬುದ್ಧಿ ಬಹಳ ಚುರುಕಾಗಿತ್ತು, ಒಂದೂವರೆ ತಿಂಗಳ ನಂತರ.

"ಅರ್ಧಾ ಖರೇ" ಎಂದ ಸಾಹೇಬರು ಸಾವ್ಕಾರರನ್ನು ಕರೆಸಿದರು. ಅವರು ಕೈ ಒರೆಸುತ್ತಾ ಬಂದರು. ಸಣ್ಣ ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು, ಆರೋಪಿಯೇ ಸಾಕ್ಷಿಯನ್ನು ಹಿಡಿದುಕೊಂಡು ಬಂದ ಹಾಗೆ.

"ಕರೆಂಟ್ ಹೋದಾಗ ಯಾಕ ಬಡೀತೀರಿ?"

"ಮತ್ಯಾವಾಗ ಬಡೀಲ್ರಿ? ಕೇಳಬೇಕಲ್ರಿ" ಎಂದರು ಸಾವ್ಕಾರರು. "ಸಂತ್ಯಾಗ ಗಡಿಗಿ ತಗೊಳ್ಳೂಮುಂದ ಬಡದ ನೋಡ್ತೀವಲ್ರಿ, ಹಂಗ. ಹಳೇ ಬೀಡು ಕಬ್ಬಿಣ ಕಣ್ಣಿಗೆ ಛಲೋ ಕಾಣ್ತೈತಿ. ಒಳಗ ಒಡಕಿತ್ತಂದ್ರ ದನಿಯಾಗಷ್ಟ ಗೊತ್ತಾಗೂದು. ಮಗ್ಗ ನಡದಾಗ ಬಡದ್ರ ಎಲ್ಲಾ ಒಡಕ ಅನಸ್ತಾವ. ಅದಕ್ಕ ಕರೆಂಟ್ ಹೋಗೂತನಕ ಕಾಯ್ತೀನ್ರಿ."

"ಎಷ್ಟ ದಿನದಿಂದ?"

"ಶೆಡ್ಡ ಹಾಕಿದಾಗಿಂದ್ರಿ. ಹನ್ನೊಂದು ವರ್ಷಾತು."

"ಒಮ್ಮೆರ ಇವರಿಗೆ ಹೇಳಬಾರ್ದೇನ್ರಿ?"

ಸಾವ್ಕಾರರು ಅಪ್ಪನ ಕಡೆ ನೋಡಿದರು. "ಮಗ್ಗದವರ ಬಾಜೂಕ ಬಂದು ಮಗ್ಗದ ಸಪ್ಪಳ ಅಂದ್ರ ಹ್ಯಾಂಗ್ರಿ? ಅವರ ಅನ್ನ ಅದು."

ಸಾಹೇಬರು ಪೆನ್ನಿನ ಟೊಪ್ಪಿ ತೆಗೆದರು. "ದೂರು ಬರಕೋತೀನ್ರಿ. ಆದ್ರ ಸಪ್ಪಳದ ಲೆಕ್ಕಾ ಅಂದಮ್ಯಾಲ ಎರಡೂ ಕಡೀದು ಬರೀಬೇಕಾಗ್ತೈತಿ. ದಿನಕ್ಕ ಅರ್ಧಾ ತಾಸು ಸುತ್ತಿಗಿ, ಹತ್ತು ತಾಸು ಮಗ್ಗ. ಬರೀಲ್ರೀ?"

ನನಗೆ ತಿಳಿವಳಿಕೆ ಬಂದಾಗಿನಿಂದ ಮೊದಲ ಸಲ ಅಪ್ಪ ಸಣ್ಣ ದನಿಯಲ್ಲಿ ಮಾತಾಡಿದ. "ಚಾ ತಗೋರಿ" ಎಂದ.

ದೂರು ಚಹಾದಲ್ಲಿ ಕರಗಿತು. ಕಾರಹುಣ್ಣಿಮೆ ಮಾತ್ರ ತನ್ನ ಜಾಗದಲ್ಲೇ ಇತ್ತು, ಇನ್ನು ಹದಿನಾಲ್ಕು ದಿನಕ್ಕೆ.

ವಿಚಾರಣೆಯಾದ ಆರನೇ ದಿನಕ್ಕೆ ರೋಲರ್ ಎಂಜಿನ್ ಮೊದಲ ಸಲ ಶುರುವಾಯಿತು. ನಮ್ಮ ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ಏಳು, ಕಪ್ಪಾದದ್ದು ಏಳು. ಐದೇ ನಿಮಿಷಕ್ಕೆ ಸಾವ್ಕಾರರೇ ನಿಲ್ಲಿಸಿಬಿಟ್ಟರು. ನನಗೆ ತಡೆಯಲಾಗಲಿಲ್ಲ, ಅವತ್ತು ಶೆಡ್ಡಿಗೆ ಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಯಾಕ ನಿಂದ್ರಿಸಿದ್ರಿ ಕಾಕಾ?"

ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೂತಿದ್ದರು. "ಒಳಗ ಎಲ್ಲೋ ಟಕ್ ಟಕ್ ಅಂತೈತಿ ಮಗಳ. ಹಂಗ ಓಡಿಸಿದ್ರ ಓಣಿ ದಾಟೂದ್ರಾಗ ಎಂಜಿನ್ ಒಡದು ನಡುವ ಕುಂದರ್ತೈತಿ. ಎಲ್ಲಿಂದು ಅಂತ ಕೇಳಿ ಹಿಡೀಬೇಕು. ನಿಮ್ಮ ಮಗ್ಗಾನೂ ಟಕ್ ಟಕ್ ಅಂತಾವ. ಯಾವುದು ಯಾವುದ್ದಂತ ಹೇಳ್ಲಿ?" ಆಮೇಲೆ ನಕ್ಕು, "ನಿನ್ನ ಪುಸ್ತಕ ಏನಂತೈತಿ? ಕರೆಂಟ್ ಯಾವಾಗ ಹೋಗ್ತೈತಿ?" ಎಂದರು.

ನಾನು ಪುಸ್ತಕ ನೋಡಿ ಸರಾಸರಿ ತೆಗೆದು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಖಂಡಿತ ಹೋಗುತ್ತದೆಂದು ವರದಿ ಕೊಟ್ಟೆ. ಅವತ್ತಿಗೆ ಮುಂಗಾರು ಶುರುವಾಗಿತ್ತು. ಹೊಲದ ಪಂಪ್‌ಸೆಟ್ಟುಗಳೆಲ್ಲ ನಿಂತಿದ್ದವು. ಬೇಸಿಗೆ ಪೂರ್ತಿ ಕಣ್ಣಾಮುಚ್ಚಾಲೆ ಆಡಿದ ಕರೆಂಟು ಆ ಮರುದಿನ ಇಡೀ ದಿನ ಒಂದು ನಿಮಿಷವೂ ಹೋಗಲಿಲ್ಲ. ಸಾವ್ಕಾರರು ಸ್ಕ್ರೂಡ್ರೈವರ್ ಹಿಡಿದು ಸಂಜೆಯವರೆಗೆ ಕೂತೇ ಇದ್ದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ನಮ್ಮ ಮನೆಯ ದನಿಯಲ್ಲಿ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತಾ, "ನನಗ್ಯಾಕ ಹೇಳ್ತಿ? ನಾ ಏನು ಕರೆಂಟ್ ಆಫೀಸಿನವ್ನ?" ಎಂದ.

ಮರುದಿನ ಹನ್ನೊಂದು ಗಂಟೆಗೆ ನಾಲ್ಕೂ ಮಗ್ಗ ನಿಂತವು.

"ಯಾಕ ಅಪ್ಪಾ?"

"ಬೆಲ್ಟ್ ಸಡ್ಲಾಗೇತಿ."

ಅವ್ವ ಕಂಡಿಕೆಗೆ ನೂಲು ಸುತ್ತುತ್ತಾ ತಲೆಯೆತ್ತದೆ ಹೇಳಿದಳು: "ಹೂಂ. ನಾಲ್ಕೂ ಒಮ್ಮೆಲೇ ಸಡ್ಲಾಗ್ಯಾವ. ಕೂಡಿ ಮಾತಾಡಿಕೊಂಡಿರಬೇಕು."

ಅಪ್ಪ ಎಣ್ಣೆಯ ಡಬ್ಬಿ ಹಿಡಿದು ಗೋಡೆಯ ಪಕ್ಕದ ಮಗ್ಗದ ಮುಂದೆ ಕೂತ. ಬೆಲ್ಟನ್ನು ಮುಟ್ಟಲಿಲ್ಲ. ಗೋಡೆಯಾಚೆ ಒಂದು ಕ್ಷಣ ಏನೂ ಇಲ್ಲ. ಅವರೂ ನಂಬಲಿಲ್ಲವೇನೋ. ಆಮೇಲೆ ಎಂಜಿನ್ ಶುರುವಾಯಿತು, ನಿಂತಿತು, ಸುತ್ತಿಗೆ ಬಿತ್ತು, ಮತ್ತೆ ಶುರುವಾಯಿತು. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಅಪ್ಪ ಎದ್ದು ಸ್ವಿಚ್ ಹಾಕಿದ.

ನಾನು ಮಗ್ಗದ ಪುಸ್ತಕ ತೆಗೆದು ಕಾರಣದ ಕಾಲಮ್ಮಿನ ಹತ್ತಿರ ನಿಂತೆ. "ಏನಂತ ಬರೀಲಿ?"

"ಕರೆಂಟ್ ಇರ್ಲಿಲ್ಲ ಅಂತ ಬರಿ."

"ಆಗೂ ಫ್ಯಾನ್ ತಿರಗಾಕತ್ತಿತ್ತು ಅಪ್ಪಾ."

"ಫ್ಯಾನ್ ನೋಡಿ ಬರೀ ಅಂದೋರ್ಯಾರು ನಿನಗ?"

ಬರೆದೆ. ಆರು ದಿನ ನಮ್ಮ ಬೆಲ್ಟುಗಳು ಸರಿಯಾಗಿ ಹನ್ನೊಂದಕ್ಕೆ ಸಡಿಲಾದವು, ಆರು ದಿನ ನಾನು ಅದೇ ಸುಳ್ಳು ಬರೆದೆ. ಆರನೇ ದಿನ ಎಂಜಿನ್ ಶುರುವಾದದ್ದು ನಿಲ್ಲಲೇ ಇಲ್ಲ. ಟಕ್ ಟಕ್ ಇರಲಿಲ್ಲ, ದನಿ ಒಂದೇ ಸಮನಾಗಿತ್ತು. ಅಪ್ಪ ಎಣ್ಣೆ ಡಬ್ಬಿ ಕೆಳಗಿಟ್ಟು, "ಸಿಕ್ತು" ಎಂದ.

ರೋಲರ್ ಹೊರಬಂದದ್ದು ಕಾರಹುಣ್ಣಿಮೆಯ ಹಿಂದಿನ ದಿನ. ಎತ್ತುಗಳಿಗೆ ಬಣ್ಣ ತರಲು ಹೊರಟಿದ್ದ ಓಣಿಯವರೆಲ್ಲ ನಿಂತು ನೋಡಿದರು. ಅವ್ವ ಗಾಲಿಗೆ ಕುಂಕುಮ ಹಚ್ಚಿ, ಅಡಿಗೆ ನಿಂಬೆಹಣ್ಣು ಇಟ್ಟಳು. ಎಂಟು ಟನ್ ಹಾದ ಮೇಲೆ ನಿಂಬೆಹಣ್ಣಿನ ಸ್ಥಿತಿಯನ್ನು ಬರೆಯಲು ನನ್ನಲ್ಲಿ ಕಾಲಂ ಇರಲಿಲ್ಲ. ನಮ್ಮ ಮನೆ ಮುಂದಿನ ಚರಂಡಿಯ ಕಲ್ಲು ಎರಡು ತುಂಡಾಯಿತು. "ಹಳೇದಿತ್ತು ಬಿಡು" ಎಂದ ಅಪ್ಪ. ಹಿಂದಿನ ದೀಪಾವಳಿಗೆ ಹಾಕಿಸಿದ ಕಲ್ಲು ಅದು.

ಬಾಗಿಲ ಮುಂದೆ ಹಾಯುವಾಗ ಅಪ್ಪ ಕೂಗಿದ, "ಸಾವ್ಕಾರ್ರ, ಸಪ್ಪಳ ಭಾಳಾತು!"

ಮೇಲೆ ಕೂತಿದ್ದ ಸಾವ್ಕಾರರು ಕಿವಿಗೆ ಕೈ ಹಿಡಿದು, "ಏನ್ರೀ?" ಎಂದರು.

ಮನುಷ್ಯರು ನಡೆಯುವುದಕ್ಕಿಂತ ನಿಧಾನವಾಗಿ ಅದು ಓಣಿ ದಾಟಿತು. ಹನ್ನೆರಡು ನಿಮಿಷ. ಕುಷ್ಟಗಿ ರಸ್ತೆಯಲ್ಲಿ ಅವರಿಗೆ ಪರಿಚಯದವರ ಒಂದು ಖಾಲಿ ಜಾಗ ಸಿಕ್ಕಿತ್ತು. ಸುತ್ತ ಮಗ್ಗಗಳಿಲ್ಲದ ಜಾಗ. ನಾಲ್ಕು ವರ್ಷ ಅಲ್ಲಿ ಯಾವಾಗ ಬೇಕೆಂದರೆ ಆವಾಗ ಬಡಿದು ಕೇಳಿದರು. ಹೋದ ತಿಂಗಳು ತೀರಿಕೊಂಡರು.

ಹದಿನೇಳು ಮಂದಿಯ ಲೆಕ್ಕದಲ್ಲಿ ಅಪ್ಪ ಇಲ್ಲ. ಮೂರು ದಿನವೂ ಅವನು ಸಾವ್ಕಾರರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕೂ ಮಗ್ಗ ನಿಂತವು. ನಾನು ಓದುವ ಕೋಣೆಯಿಂದ ಬಂದು ನೋಡಿದೆ. ಅಪ್ಪ ಎಣ್ಣೆ ಡಬ್ಬಿ ಹಿಡಿದು ಗೋಡೆಯ ಪಕ್ಕ ಕೂತಿದ್ದ. ಶೆಡ್ಡಿದ್ದ ಜಾಗದಲ್ಲಿ ಈಗ ಅಕ್ಕಿಯ ಗೋದಾಮಿದೆ, ಅಲ್ಲಿಂದ ಯಾವ ಸಪ್ಪಳವೂ ಬರುವುದಿಲ್ಲ.

"ಬೆಲ್ಟಾ?" ಎಂದೆ.

"ಹೂಂ."

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಇಪ್ಪತ್ತೈದು ನಿಮಿಷದ ಮೇಲೆ ಅವನು ಎದ್ದು ಸ್ವಿಚ್ ಹಾಕಿದ. ನಾನು ಮೊಳೆಯಿಂದ ಪುಸ್ತಕ ತೆಗೆದು, ಹೊತ್ತು ಹಾಕಿ, ಕಾರಣದ ಕಾಲಮ್ಮಿನಲ್ಲಿ ಕೇಳದೇ ಬರೆದೆ: ಕರೆಂಟ್ ಇರಲಿಲ್ಲ.